ಎಕ್ಸ್‌ರೇ ಮೋಸ ಹೋದದ್ದು

"ಡಬ್ಬಿ ಬಿಚ್ಚಿದಾಗಲೇ ಹೀಗಿತ್ತು ಮೇಡಂ."

ಎಲೆಕ್ಟ್ರಾನಿಕ್ಸ್ ಅಂಗಡಿಯ ವಾಪಸಾತಿ ಕೌಂಟರಿನಲ್ಲಿ ಕೂತವಳಿಗೆ ಈ ಮಾತು ಬಿಟ್ಟು ಬೇರೆ ಮಾತು ಕೇಳಲು ಸಿಗುವುದೇ ಅಪರೂಪ. ಮಿಕ್ಸಿಯ ಜಾರು ಬೆಳ್ಳುಳ್ಳಿ ನಾರುತ್ತಿರುತ್ತದೆ, ತಂದವರು "ಒಂದ್ಸಲಾನೂ ಬಳಸಿಲ್ಲ" ಎನ್ನುತ್ತಾರೆ. ಫೋನು ಬಾತ್‌ರೂಮಿನ ಬಕೆಟ್ಟಿನಲ್ಲಿ ಮುಳುಗೆದ್ದು ಬಂದಿರುತ್ತದೆ, ಅಲ್ಲಾಡಿಸಿದರೆ ಒಳಗೆ ನೀರು ಕುಲುಕುತ್ತದೆ, ತಂದವರು "ತಾನಾಗೇ ಆಫ್ ಆಯ್ತು" ಎನ್ನುತ್ತಾರೆ. ಸುಳ್ಳು ಹೇಳಿದರೂ ಸತ್ಯದ ತಲೆ ಮೇಲೆ ಹೊಡೆದ ಹಾಗೆ ಹೇಳಬೇಕಪ್ಪ! ಅಷ್ಟೂ ಯೋಗ್ಯತೆ ಇಲ್ಲದ ಜನ. ಕಾರಿನಲ್ಲಿ ಬಂದಿಳಿಯುತ್ತಾರೆ, ಬೆರಳಲ್ಲಿ ಉಂಗುರ ಮಿಂಚುತ್ತದೆ, ಬಾಯಿ ಬಿಟ್ಟರೆ ಬಣ್ಣಗೇಡು.

ಅವರನ್ನೆಲ್ಲ ಅವಳು ಮನಸಾರೆ ತಿರಸ್ಕರಿಸುತ್ತಿದ್ದಳು. ಅವಳು ಒಂದು ಹುಬ್ಬು ಏರಿಸಿದರೆ ಎಂಥ ಗಟ್ಟಿಗನೂ ತಡಬಡಾಯಿಸಿ, ಡಬ್ಬಿ ಬಾಚಿಕೊಂಡು ಹೊರಡುತ್ತಿದ್ದ. ಜೊತೆಯವರು ಅವಳಿಗೆ ಎಕ್ಸ್‌ರೇ ಎಂದು ಹೆಸರಿಟ್ಟಿದ್ದರು. ನಮ್ಮ ಎಕ್ಸ್‌ರೇ ಕಣ್ಣಿಗೆ ಮಣ್ಣೆರಚುವವನು ಇನ್ನೂ ಹುಟ್ಟಿಲ್ಲ ಎಂದು ಮ್ಯಾನೇಜರು ಕಂಡವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದ.

ಆದರೆ ಆ ಮಧ್ಯಾಹ್ನ ಅದೇ ಹಳಸಲು ಮಾತು ಕಿವಿಗೆ ಬಿದ್ದಾಗ ಅವಳ ಹುಬ್ಬು ಏರಲಿಲ್ಲ. ಬರೆಯುತ್ತಿದ್ದ ಕೈ ಹಾಗೇ ನಿಂತುಬಿಟ್ಟಿತು.

ಆ ದನಿ ಅವಳಿಗೆ ಗೊತ್ತಿತ್ತು. ಏಳು ಗಂಟೆಯ ಧಾರಾವಾಹಿಯ ಡಾಕ್ಟರನ ದನಿ. ಆಳದಿಂದ ಹೊರಟು, ಕೊನೆಯ ಪದಕ್ಕೆ ಬರುವಷ್ಟರಲ್ಲಿ ಮೆತ್ತಗಾಗಿಬಿಡುವ ದನಿ. ಅಂಗಡಿಯ ಹುಡುಗಿಯರು ಸಂಜೆಯಾದರೆ ಟಿವಿ ವಿಭಾಗದ ಅಷ್ಟೂ ಪರದೆಗಳಿಗೆ ಅದೇ ಧಾರಾವಾಹಿ ಹಾಕುತ್ತಿದ್ದರು. "ಥೂ, ಎಂಥ ಟೇಸ್ಟಮ್ಮ ನಿಮ್ದು" ಎಂದು ಅವಳು ಮೂಗು ಮುರಿಯುತ್ತಿದ್ದಳು. ಮುರಿಯುತ್ತಲೇ ಕುರ್ಚಿಯನ್ನು ಆ ಕಡೆಗೆ ತಿರುಗಿಸಿಕೊಳ್ಳುತ್ತಿದ್ದಳು.

ತಲೆಯೆತ್ತಿ ನೋಡಿದಳು. ಎದುರಿಗೆ ಡಾಕ್ಟರ್ ಇರಲಿಲ್ಲ. ಒಬ್ಬ ಸಣಕಲ, ಕಾಲರು ಒಂದು ಕಡೆ ಮಡಚಿಕೊಂಡ ಅಂಗಿ, ಮುಖಕ್ಕಿಂತ ಒಂದು ಅಳತೆ ದೊಡ್ಡದೆನ್ನಿಸುವ ಕಿವಿಗಳು. ಹಿಂದೆ ಅವನ ಅಕ್ಕ, ಕೈಚೀಲವನ್ನು ಎದೆಗವಚಿಕೊಂಡು.

"ನೀವು... ಆ ಸೀರಿಯಲ್ ಡಾಕ್ಟರ್..."

"ಮುಖ ಅವರದು, ಗಂಟಲು ನಂದು," ಅವನು ನಕ್ಕ. "ಡಬ್ಬಿಂಗ್ ಮಾಡ್ತೀನಿ."

ನಗುವಾಗ ಅವನ ಕಣ್ಣು ಅವಳ ಮುಖದ ಮೇಲೆ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತಿತು. ಅವಳೂ ನೋಟ ತೆಗೆಯಲಿಲ್ಲ. ಅಕ್ಕ ಗಂಟಲು ಸರಿಮಾಡಿಕೊಂಡಳು.

ಅಕ್ಕ ತಮ್ಮನನ್ನು ಯಾಕೆ ಕರೆತಂದಿದ್ದಾಳೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕೋರ್ಟಿಗೆ ಹೋಗುವವರು ವಕೀಲರನ್ನು ಕರೆದೊಯ್ಯುವುದಿಲ್ಲವೇ, ಹಾಗೆ.

ಡಬ್ಬಿ ತೆರೆದಳು. ಹೊಸ ಲ್ಯಾಪ್‌ಟಾಪು. ಒಂದು ಮೂಲೆ ನಜ್ಜಾಗಿ, ಅಲ್ಲಿಂದ ಪರದೆಯ ಉದ್ದಕ್ಕೂ ಬಿರುಕು ಹರಿದಿತ್ತು. ಮುಚ್ಚಳ ಸೇರುವ ಸಂದಿಯಲ್ಲಿ ನೀಲಿ ಬಿಳಿ ಕಾಳುಗಳು. ಬಗ್ಗಿದಾಗ ಸೋಪಿನ ಪುಡಿಯ ವಾಸನೆ ಘಮ್ಮೆಂದಿತು. ಅಲ್ಲಿಗೆ ಎಲ್ಲ ಗೊತ್ತಾಯಿತು. ಈ ಮಹಾತಾಯಿ ಲ್ಯಾಪ್‌ಟಾಪನ್ನು ವಾಶಿಂಗ್ ಮೆಷಿನ್ ಮೇಲೆ ಇಟ್ಟುಕೊಂಡು ಆಫೀಸಿನ ಮೀಟಿಂಗಿಗೆ ಕೂತಿದ್ದಾಳೆ. ಮೆಷಿನ್ನು ಬಟ್ಟೆ ಹಿಂಡುವಾಗ ಗಡಗಡ ಕುಣಿದಿದೆ, ಇದು ಧೊಪ್ಪನೆ ಬಿದ್ದಿದೆ.

"ತುಂಬಾ ಆಸೆಯಿಂದ ತಗೊಂಡಿದ್ದು," ಡಬ್ಬಿಂಗಿನವನು ಹೇಳುತ್ತಿದ್ದ. "ಬಿಚ್ಚಿ ನೋಡಿದ್ರೆ ಹೀಗೆ. ನಮ್ಮಕ್ಕ ಅತ್ತೇಬಿಟ್ಟಳು ಮೇಡಂ." ಅಕ್ಕ, ಸ್ವಲ್ಪ ತಡವಾಗಿ, ಮೂಗು ಸೊರಕ್ಕೆನ್ನಿಸಿದಳು.

ಬೇರೆ ಯಾರಾದರೂ ಆಗಿದ್ದರೆ ಎಕ್ಸ್‌ರೇ ಅವರ ನೀರಿಳಿಸುತ್ತಿದ್ದಳು. ಆದರೆ ಆ ದನಿ "ಮೇಡಂ" ಎಂಬಲ್ಲಿಗೆ ಬಂದು ಮೆತ್ತಗಾಗಿತ್ತು. ಅವಳು ಉಗುರಿನಿಂದ ಸೋಪಿನ ಪುಡಿ ಕೆರೆದು, ಉಫ್ ಎಂದು ಊದಿ, ಕಂಪ್ಯೂಟರಿನಲ್ಲಿ "ಬರುವಾಗಲೇ ಒಡೆದಿತ್ತು" ಎಂದು ಹಾಕಿ, ಬದಲಿಗೆ ಹೊಸದನ್ನು ಕೊಡಿಸಿದಳು.

"ನಾಳೆ ಈ ಕಡೆ ಬರ್ತೀನಿ," ಅವನು ಹೋಗುವಾಗ ಅಂದ. "ರೆಕಾರ್ಡಿಂಗ್ ಇಲ್ಲೇ ಹತ್ರ."

ಮಾರನೆಯ ದಿನ ಎಕ್ಸ್‌ರೇ ಹೊಸ ಓಲೆ ಹಾಕಿಕೊಂಡು ಬಂದಳು. ನಾಚಿಕೆಗೇಡು!

ಬಂದವಳಿಗೆ ಬಾಗಿಲಲ್ಲೇ ಸಿಕ್ಕಿದ್ದು ಗೋಡೌನ್ ಮಾವ. ಅಂಗಡಿಗೆ ಬರುವ ಪ್ರತಿ ಡಬ್ಬಿಯನ್ನೂ ಇಳಿಸಿ ಜೋಡಿಸುವ ಮುದುಕ. ನಿದ್ದೆ ಹೋದ ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಟಿವಿ ಇಳಿಸುವವನು. ಅವನೀಗ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

"ಮ್ಯಾನೇಜರ್ ಕರೆದಿದ್ರು ಮಗಳೇ. ಲ್ಯಾಪ್‌ಟಾಪ್ ಬೀಳಿಸಿದೀಯ, ನಿನಗೆ ವಯಸ್ಸಾಯ್ತು, ಸಾಕು ಮನೇಲಿರು ಅಂತಾರೆ. ನನ್ನ ಕೈಯಿಂದ ಬಿದ್ದ ನೆನಪಿಲ್ಲ." ಬಲಗೈ ಮುಷ್ಟಿ ಬಿಗಿದು ಬಿಚ್ಚಿದ. "ಬಿದ್ದಿರಬಹುದೇನೋ. ನನಗೇ ಗೊತ್ತಾಗದ ಹಾಗೆ. ಕೈ ಸೋತಿದೆಯೋ ಏನೋ."

ಬರುವಾಗಲೇ ಒಡೆದಿತ್ತು ಅಂದರೆ ಒಡೆದವರು ಅಂಗಡಿಯವರೇ ಆಗಬೇಕಲ್ಲ. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ನಿನ್ನೆ ಆ ಹೊತ್ತಿಗೆ ತಲೆ ರಜೆ ಹಾಕಿತ್ತು, ಕಿವಿ ಮಾತ್ರ ಡ್ಯೂಟಿಯಲ್ಲಿತ್ತು. ಮುದುಕ ತನ್ನ ಕೈಯನ್ನೇ ನಂಬದ ಹಾಗೆ ಮಾಡಿ ಬಂದು, ಇವಳು ರಾತ್ರಿ ಓಲೆ ಆರಿಸುತ್ತ ಕೂತಿದ್ದಳು. ಅವಳಿಗೆ ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳಬೇಕೆನಿಸಿತು.

ಅಷ್ಟರಲ್ಲಿ ಅವನು ಬಂದ. ಇವತ್ತು ಕಾಲರು ಇಸ್ತ್ರಿಯಾಗಿತ್ತು.

"ಇವತ್ತು ವಾಪಸ್ ಕೊಡೋಕೆ ಏನೂ ಇಲ್ಲ ಮೇಡಂ," ಡಾಕ್ಟರನ ದನಿಯಲ್ಲಿ, ಕೌಂಟರಿಗೆ ಮೊಣಕೈಯೂರಿ. "ನನ್ನನ್ನೇ ತಂದಿದೀನಿ. ಸ್ವಲ್ಪ ಡ್ಯಾಮೇಜ್ ಆಗಿದೆ."

"ಈ ಜೋಕನ್ನ ಇಲ್ಲಿ ವಾರಕ್ಕೊಬ್ಬರು ಹೇಳ್ತಾರೆ," ಅಂದಳು. "ನಿಮ್ಮನೇಲಿ ಯಾವ ಸೋಪಿನ ಪುಡಿ ಬಳಸ್ತೀರಿ?"

ಅವನ ನಗು ಅಲ್ಲೇ ಸತ್ತಿತು. ಮೊಣಕೈ ಕೌಂಟರಿನಿಂದ ಕೆಳಗಿಳಿಯಿತು.

"ಗೊತ್ತಿತ್ತಾ ನಿಮಗೆ? ಮತ್ತೆ ಯಾಕೆ ತಗೊಂಡ್ರಿ?"

"ಅದು ನನ್ನ ಹಣೆಬರಹ. ನೀವ್ಯಾಕೆ ತಂದ್ರಿ, ಅದನ್ನ ಹೇಳಿ."

"ಅಕ್ಕ... ಇಷ್ಟು ದೊಡ್ಡ ಅಂಗಡಿ, ಒಂದು ಲ್ಯಾಪ್‌ಟಾಪಿಂದ ಏನು ಮುಳುಗಿಹೋಗತ್ತೆ ಅಂದ್ಳು. ಬೇಕಂತ ಒಡೆದದ್ದಲ್ಲವಲ್ಲ, ಕೈ ಮೀರಿ ಆದದ್ದು."

"ಕೈ ಮೀರಿ ಒಡೀತು, ಸರಿ. ಸುಳ್ಳೂ ಕೈ ಮೀರಿ ಬಂತಾ? ದೊಡ್ಡ ಅಂಗಡಿ ಅಂದ್ರೆ ಯಾರು ಅಂದ್ಕೊಂಡಿದೀರಿ? ಅಲ್ಲಿ ನೋಡಿ." ಅವಳು ಬೆರಳು ತೋರಿಸಿದಳು. ಮಾವ ಒಂದು ಖಾಲಿ ಡಬ್ಬಿಯನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ ತನ್ನ ಕೈಯನ್ನು ಪರೀಕ್ಷೆ ಮಾಡಿಕೊಳ್ಳುತ್ತಿದ್ದ. "ಅವರೇ ಅಂಗಡಿ. ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದಿದಾರೆ. ಅವರು ಬೀಳಿಸಿದ್ದು ಅಂತ."

ಅವನು ಬಹಳ ಹೊತ್ತು ನೋಡಿದ. ಆಮೇಲೆ ತಗ್ಗಿದ, ಭರವಸೆಯ ದನಿಯಲ್ಲಿ, "ನಾನು ಮ್ಯಾನೇಜರ್ ಹತ್ರ ಮಾತಾಡ್ತೀನಿ," ಅಂದ. "ಕಂಪನಿಯಿಂದಲೇ ಹಾಗೆ ಬಂದಿರಬೇಕು ಅಂತ ಒಪ್ಪಿಸಿಬಿಡ್ತೀನಿ. ಇವರಿಗೂ ತೊಂದರೆ ಇಲ್ಲ, ನಿಮಗೂ ಇಲ್ಲ. ಅದೆಲ್ಲ ನನಗೆ ಬಿಡಿ."

ಅಯ್ಯೋ, ಆ ದನಿ! ಈಗಲೂ ಅದು ಎಷ್ಟು ಚೆನ್ನಾಗಿದೆ ಎಂದು ಅವಳಿಗೆ ಮೈ ಉರಿಯಿತು.

"ಡಾಕ್ಟರಿಗೆ ಗಂಟಲು ಬಾಡಿಗೆ ಕೊಟ್ರಿ, ಹೊಟ್ಟೆಪಾಡು, ಇರಲಿ. ಅಕ್ಕನ ಸುಳ್ಳಿಗೂ ಕೊಟ್ರಿ. ಈಗ ನನ್ನ ಸುಳ್ಳಿಗೂ ಕೊಡ್ತೀರಾ? ನಿಮಗೇ ಅಂತ ಏನಾದ್ರೂ ಮಿಕ್ಕಿದೆಯೇನ್ರಿ ಅಲ್ಲಿ? ಹೋಗಿ, ಹೋಗಿ. ಹಿಂದೆ ಕ್ಯೂ ಇದೆ."

ಕ್ಯೂ ಇರಲಿಲ್ಲ. ಅವನು ಕೆಂಪಾದ ಕಿವಿಗಳನ್ನು ಹೊತ್ತುಕೊಂಡು ಹೋದ. ಕಿವಿ ಕೆಂಪಾದದ್ದನ್ನು ತಾನು ಗಮನಿಸಿದ್ದಕ್ಕೆ ಅವಳು ಮತ್ತೊಮ್ಮೆ ತನ್ನನ್ನು ಬೈದುಕೊಂಡಳು.

ನೇರ ಮ್ಯಾನೇಜರನ ರೂಮಿಗೆ ಹೋದಳು. ಗ್ರಾಹಕರ ಮನೆಯಲ್ಲೇ ಒಡೆದದ್ದು, ಸೋಪಿನ ಪುಡಿ ನೋಡಿಯೂ ತಾನೇ ತೆಗೆದುಕೊಂಡದ್ದು, ಮಾವನ ತಪ್ಪೇನೂ ಇಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು.

ಮ್ಯಾನೇಜರು ಮೆಚ್ಚುಗೆಯಿಂದ ತಲೆಯಾಡಿಸಿದ. "ನಿನ್ನ ಮನಸ್ಸು ದೊಡ್ಡದು ಕಣಮ್ಮ. ಮುದುಕನ್ನ ಉಳಿಸೋಕೆ ನಿನ್ನ ಮೇಲೆ ಹಾಕ್ಕೊಳ್ತಿದೀಯ. ಆದ್ರೆ ಎಕ್ಸ್‌ರೇನ ಯಾಮಾರಿಸೋಕೆ ಯಾರಿಂದಾದ್ರೂ ಆಗತ್ತಾ? ಸೋಪಿನ ಪುಡಿ ನೋಡಿದ್ಮೇಲೂ ಯಾಕೆ ತಗೊಂಡೆ, ಕಾರಣ ಹೇಳು ನೋಡೋಣ."

ಅವಳು ನೆಲ ನೋಡಿದಳು. "ದನಿ ಚೆನ್ನಾಗಿತ್ತು ಸರ್."

ಮ್ಯಾನೇಜರು ಕಣ್ಣಲ್ಲಿ ನೀರು ಬರುವ ತನಕ ನಕ್ಕ. "ಸುಳ್ಳು ಹೇಳೋಕೂ ಬರಲ್ವಲ್ಲೇ ನಿನಗೆ! ಹೋಗು, ಕೆಲಸ ನೋಡ್ಕೋ."

ಜೀವಮಾನದಲ್ಲಿ ಒಮ್ಮೆ ಮೋಸ ಹೋದರೆ ಅದನ್ನು ನಂಬುವವರೂ ಇಲ್ಲ! ಸಂಜೆಯವರೆಗೆ ಅವಳು ಕೌಂಟರಿಗೆ ಬಂದವರನ್ನೆಲ್ಲ ಅಟ್ಟಿದಳು, ನಿಜವಾಗಿ ಕೆಟ್ಟ ಇಸ್ತ್ರಿಪೆಟ್ಟಿಗೆ ತಂದವರನ್ನೂ ಸೇರಿಸಿ.

ಏಳು ಗಂಟೆಗೆ ಹುಡುಗಿಯರು ಟಿವಿ ಗೋಡೆಯ ಮೇಲೆಲ್ಲ ಧಾರಾವಾಹಿ ಹಾಕಿದರು. ಡಾಕ್ಟರು ಅಷ್ಟೂ ಪರದೆಗಳಿಂದ ಒಟ್ಟಿಗೆ "ನನ್ನನ್ನು ನಂಬು" ಎನ್ನುತ್ತಿದ್ದ. ಆ ಗೋಡೆಯ ಕೆಳಗೆ, ಮ್ಯಾನೇಜರನ ಮುಂದೆ, ಅವನು ಬಂದು ನಿಂತಿದ್ದ. ಪಕ್ಕದಲ್ಲಿ ಮಾರಿಮುಖ ಮಾಡಿಕೊಂಡ ಅಕ್ಕ.

"ಸರ್, ಅದು... ನಿನ್ನೆ... ಅಂದ್ರೆ ನಾವು..."

"ಜೋರಾಗಿ ಹೇಳ್ರೀ, ಏನೂ ಕೇಳಿಸ್ತಿಲ್ಲ!" ಮ್ಯಾನೇಜರು ಕಿವಿಗೆ ಕೈಯಿಟ್ಟ.

ಅವನು ಬಾಯಿ ತೆರೆದ, ಮುಚ್ಚಿದ. ಬರೆದುಕೊಟ್ಟ ಮಾತಿರಲಿಲ್ಲ, ಮುಂದೆ ನಿಲ್ಲಿಸಿಕೊಳ್ಳಲು ಸುಂದರ ಮುಖವೂ ಇರಲಿಲ್ಲ. ಮೇಲಿನಿಂದ ಅವನದೇ ಗಂಟಲು ಗುಡುಗುತ್ತಿತ್ತು, ಕೆಳಗೆ ಅವನ ತುಟಿಗಳು ಅಲುಗುತ್ತಿದ್ದವು. ಎಕ್ಸ್‌ರೇ ಕುರ್ಚಿಯಿಂದೆದ್ದು ಬಂದು ರಿಮೋಟುಗಳನ್ನು ಒಂದೊಂದಾಗಿ ಎತ್ತಿಕೊಂಡು ಡಾಕ್ಟರನ ಬಾಯಿ ಮುಚ್ಚಿಸುತ್ತ ಹೋದಳು. ಕೊನೆಯ ಟಿವಿಯೂ ಸುಮ್ಮನಾಯಿತು.

"ಈಗ ಹೇಳಿ," ಅಂದಳು.

"ಒಡೆದದ್ದು ನಮ್ಮನೇಲಿ," ಅಂದ ಅವನು. ಸಣ್ಣ ದನಿ, ನಡುವೆ ಒಮ್ಮೆ ಕೀಚಲಾಯಿತು. "ವಾಶಿಂಗ್ ಮೆಷಿನ್ ಮೇಲಿಂದ ಬಿತ್ತು. ಬಂದು ಸುಳ್ಳು ಹೇಳಿದ್ದು ನಾನು. ನೀವು ಕೊಟ್ಟ ಹೊಸದನ್ನ ತಂದಿದೀವಿ, ಒಡೆದದ್ದನ್ನ ನಮಗೇ ವಾಪಸ್ ಕೊಟ್ಬಿಡಿ. ಅವರು... ಆ ಯಜಮಾನ್ರು ಏನೂ ಬೀಳಿಸಿಲ್ಲ." ಆಮೇಲೆ ಮಾವನ ಕಡೆ ತಿರುಗಿ ಇನ್ನೇನೋ ಹೇಳಲು ಹೋದ, ಮಾತು ಹೊರಡದೆ ಕೈ ಮುಗಿದ.

"ಮಾನ ಹರಾಜು ಹಾಕಿದ್ಯಲ್ಲೋ!" ಎಂದಳು ಅಕ್ಕ. "ಊರೋರೆಲ್ಲ ಮಾಡೋದನ್ನೇ ತಾನೇ ನಾವು ಮಾಡಿದ್ದು!" ಮಾವ ತನ್ನ ಕೈಗಳನ್ನು ಒಮ್ಮೆ ಬಿಡಿಸಿ ನೋಡಿಕೊಂಡು, ಜೋರಾಗಿ ಉಸಿರುಬಿಟ್ಟ.

ಅಷ್ಟು ಕೆಟ್ಟ ಡಬ್ಬಿಂಗನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಆದರೂ ಕಣ್ಣು ತುಂಬಿ ಬಂತು.

ಮ್ಯಾನೇಜರು ನಿಧಾನವಾಗಿ ಅವಳ ಕಡೆ ತಿರುಗಿದ. "ಅಂದ್ರೆ ನೀನು ನಿಜವಾಗ್ಲೂ... ದನಿ ಚೆನ್ನಾಗಿತ್ತು ಅಂತ...?"

ಡಬ್ಬಿಂಗಿನವನು ಥಟ್ಟನೆ ತಲೆಯೆತ್ತಿದ. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಂಗಡಿಯ ಹಿಂದೆ, ಟ್ರಾಲಿಗಳನ್ನು ಸಾಲಾಗಿ ತೂರಿಸಿಟ್ಟ ಜಾಗದಲ್ಲಿ ಅವನು ಒಡೆದ ಲ್ಯಾಪ್‌ಟಾಪು ಕಂಕುಳಲ್ಲಿಟ್ಟುಕೊಂಡು ಕಾಯುತ್ತಿದ್ದ. ಅಕ್ಕ ಒಬ್ಬಳೇ ಮನೆಗೆ ಹೋಗಿದ್ದಳು.

"ಕೌಂಟರಿಂದ ತೆಗೆದ್ರಂತೆ."

"ಹೂಂ. ಮೊಬೈಲ್ ಕವರ್ ಮಾರೋಕೆ ಹಾಕಿದಾರೆ. ಸರಿಯಾಗೇ ಮಾಡಿದ್ರು."

"ಒಂದು ಮಾತು ಕೇಳ್ಲಾ? ಆ ದನಿ ಅಷ್ಟು..."

"ಕೇಳಬೇಡಿ. ನಿಮ್ಮ ಮೇಲೆ ನನಗಿನ್ನೂ ಅಸಹ್ಯ ಇದೆ," ಅಂದಳು ಅವಳು. "ನನ್ನ ಮೇಲೂ ಇದೆ. ಹೋಗೋಕೆ ಟೈಮ್ ಹಿಡಿಯತ್ತೆ."

"ನಾಳೆ ಬಂದು ಕೇಳ್ಲಾ, ಹೋಯ್ತಾ ಅಂತ?"

"ಬನ್ನಿ. ಬಂದ್ರೆ ಏನಾದ್ರೂ ಕೊಳ್ಳಿ. ಸುಮ್ನೆ ನಿಂತ್ರೆ ಮ್ಯಾನೇಜರ್ ಬಯ್ತಾರೆ."

ಅವನು ಬಂದ. ಮರುದಿನವೂ ಬಂದ. ಇದ್ದ ಒಂದು ಫೋನಿಗೆ ದಿನಕ್ಕೊಂದು ಕವರು ಕೊಂಡ, ಹೂವಿನದು, ಹುಲಿಪಟ್ಟೆಯದು, ಮಕ್ಕಳಿಗೆ ಮಾಡಿದ ಮೊಲದ ಕಿವಿಯದು. ಆ ಸಣ್ಣ, ಸಾಧಾರಣ ದನಿಯಲ್ಲಿ "ಹೋಯ್ತಾ?" ಎನ್ನುತ್ತಿದ್ದ. ಅವಳು ಚಿಲ್ಲರೆ ಎಣಿಸುತ್ತ, ಮುಖ ಗಂಟಿಕ್ಕಿಕೊಂಡು, "ಇನ್ನೂ ಇಲ್ಲ" ಎನ್ನುತ್ತಿದ್ದಳು. ಮಾವ ಡಬ್ಬಿ ಇಳಿಸುತ್ತ ಅತ್ತ ತಿರುಗಿ ನಗುತ್ತಿದ್ದ.

ಒಂದು ದಿನ ಅವನು ಕೇಳಲಿಲ್ಲ. ಕವರು ತೆಗೆದುಕೊಂಡ, ದುಡ್ಡು ಕೊಟ್ಟ, ಹೊರಟ.

"ಏನ್ರಿ, ಇವತ್ತು ಕೇಳಲಿಲ್ಲ?" ಅವಳ ದನಿ ಬೇಕಾದ್ದಕ್ಕಿಂತ ಜೋರಾಯಿತು.

"ಅದು ಹೋಗಲ್ಲ ಅನ್ಸತ್ತೆ. ದಿನಾ ಬಂದು ನಿಮಗೆ ಕಾಟ ಕೊಡೋದು ಬೇಡ ಅಂತ."

"ದಡ್ಡ ಶಿಖಾಮಣಿ! ಅದು ಹೋಗಿ ಎಷ್ಟು ದಿನ ಆಯ್ತು."

ಅವನು ನಿಂತ. "ಮತ್ತೆ ದಿನಾ ಇಲ್ಲ ಇಲ್ಲ ಅಂತಿದ್ರಲ್ಲ. ಸುಳ್ಳಾ?"

"ಹೌದು, ಸುಳ್ಳು." ಅವಳು ಮುಂದಿದ್ದ ಕವರುಗಳನ್ನು ಅತ್ತಿತ್ತ ಸರಿಸಿದಳು. "ನಿಜ ಹೇಳಿದ್ರೆ ನೀನು ಬರೋದು ನಿಲ್ಲಿಸಿಬಿಟ್ರೆ?"

ನೀನು ಎಂದದ್ದು ಇಬ್ಬರಿಗೂ ಕೇಳಿಸಿತು. ಅವನು ಹಿಂದಿರುಗಿ ಬಂದು, ಕವರುಗಳ ನಡುವೆ ಇದ್ದ ಅವಳ ಕೈಯ ಮೇಲೆ ಕೈಯಿಟ್ಟ.