ಹಳೇ ಬಿಲ್ ಎಂಬ ಫೋಲ್ಡರ್

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಶಾಲಾ ವ್ಯಾನುಗಳ ಮಾಲೀಕ ಠಾಣೆಗೆ ಬಂದು ಲಿಖಿತ ದೂರು ಕೊಟ್ಟ. ಹಿಂದಿನ ವಾರ ಅವನ ವ್ಯಾನೊಂದು ರಸ್ತೆಯ ಎಡಬದಿಯಲ್ಲಿ ನಡೆದು ಹೋಗುತ್ತಿದ್ದ ದರ್ಜಿಯೊಬ್ಬನಿಗೆ ಬಡಿದು, ಅವನು ಸ್ಥಳದಲ್ಲೇ ಸತ್ತಿದ್ದ. ವ್ಯಾನ್ ಓಡಿಸುತ್ತಿದ್ದವನು ಮಾಲೀಕನ ಸ್ವಂತ ಅಣ್ಣ. ಯಾರೂ ಕಾಣಲೇ ಇಲ್ಲ ಎಂಬುದೊಂದೇ ಅವನ ಹೇಳಿಕೆ. ಅವನ ಕಣ್ಣು ಪರೀಕ್ಷಿಸಿದ್ದ ಕಣ್ಣಾಸ್ಪತ್ರೆಯವರನ್ನು ಪೊಲೀಸರು ವಿಚಾರಿಸಿದರೆ, ಈ ಚಾಲಕನಿಗೆ ಎರಡೂ ಪಕ್ಕದ ನೋಟ ಹೋಗಿದೆ, ಇನ್ನು ವಾಹನ ಓಡಿಸಕೂಡದು ಎಂದು ತಿಂಗಳ ಹಿಂದೆಯೇ ಆಫೀಸಿಗೆ ಮೇಲ್ ಕಳಿಸಿದ್ದೇವೆ ಅಂದಿದ್ದರು. ಆ ಮೇಲನ್ನು ತನ್ನ ಕ್ಲರ್ಕ್ ಬೇಕೆಂದೇ ಬಚ್ಚಿಟ್ಟಿದ್ದಾಳೆ ಎಂಬುದು ಮಾಲೀಕನ ದೂರು.

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಜೀಪು ಹತ್ತಿದರು. ಸತ್ತ ದರ್ಜಿಯ ಹೆಂಡತಿ ನಾಲ್ಕು ದಿನದಿಂದ ಠಾಣೆಯ ಬೆಂಚಿನ ಮೇಲೆ ಕೂತು ಹೋಗುತ್ತಿದ್ದಳು. ಅವಳಿಗೆ ಒಂದು ಉತ್ತರ ಕೊಡುವವರೆಗೂ ಅವರಿಗೆ ಅನ್ನ ಗಂಟಲಲ್ಲಿ ಇಳಿಯುವಂತಿರಲಿಲ್ಲ. ಜೊತೆಗೆ ಮಹಿಳಾ ಕಾನ್‌ಸ್ಟೇಬಲ್ ಇದ್ದಳು. ಠಾಣೆಯ ಪ್ರಿಂಟರ್ ಮುನಿಸಿಕೊಂಡರೂ ರಮಿಸುವವಳು ಅವಳೇ ಆದ್ದರಿಂದ ಎಲ್ಲರೂ ಅವಳನ್ನು ಕಂಪ್ಯೂಟರಮ್ಮ ಎನ್ನುತ್ತಿದ್ದರು.

ಆಫೀಸೆಂದರೆ ಗ್ಯಾರೇಜಿನ ಪಕ್ಕದ ಒಂದು ಕೋಣೆ. ಗೋಡೆಗೆ ವ್ಯಾನುಗಳ ಕೀಲಿಗಳು, ಎರಡು ಮೇಜು, ಎಲ್ಲದಕ್ಕೂ ಡೀಸೆಲ್ ವಾಸನೆ. ಪಂಚರ ಸಮಕ್ಷಮದಲ್ಲಿ ಪಂಚನಾಮೆ ಶುರುವಾಯಿತು. ಮಾಲೀಕ ಲ್ಯಾಪ್‌ಟಾಪಿನಲ್ಲಿ ವೆಬ್‌ಮೇಲ್ ತೆರೆದು ‘ಹಳೇ ಬಿಲ್’ ಎಂಬ ಫೋಲ್ಡರಿನ ಲೇಬಲ್ ಒತ್ತಿದ. ಅದರೊಳಗೆ ಬಿಲ್ ಒಂದೂ ಇರಲಿಲ್ಲ. ಕಣ್ಣಾಸ್ಪತ್ರೆಯ ಮೇಲ್ ಒಂದೇ ಇತ್ತು.

“ನೋಡಿ ಸಾರ್. ಮೇಲ್‌ಗಳನ್ನ ಫೋಲ್ಡರ್‌ಗೆ ಹಾಕೋದೆಲ್ಲ ಅವಳ ಕೆಲಸ.”

ಇನ್‌ಸ್ಪೆಕ್ಟರ್ ಕ್ಲರ್ಕ್ ಕಡೆ ತಿರುಗಿದರು. “ಇದನ್ನ ಇಲ್ಲಿ ಯಾಕೆ ತುರುಕಿದೆ?”

“ಎಲ್ಲಿ ಸಾರ್?”

“ನಾಟಕ ಬೇಡ. ಒಂದು ಜೀವ ಹೋಗಿದೆ.”

ಆಕೆ ತನ್ನ ಮೇಜಿನ ಕಂಪ್ಯೂಟರಿನ ಮೇಲ್ ಪ್ರೋಗ್ರಾಮ್ ತೋರಿಸಿದಳು. “ನಾನು ಕೆಲಸ ಮಾಡೋದು ಇದರಲ್ಲೇ. ಶಾಲೆ, ವಿಮೆ, ರಿಪೇರಿ, ಆಸ್ಪತ್ರೆ. ಈ ನಾಲ್ಕೇ ಫೋಲ್ಡರ್ ಸಾರ್ ಇರೋದು.”

“ಪೊಲೀಸ್ ಬರ್ತಾರೆ ಅಂತ ಅಳಿಸಿ ಹಾಕಿದೀಯ.”

ಕಂಪ್ಯೂಟರಮ್ಮ ಮೆಲ್ಲಗೆ ಬಾಯಿ ಹಾಕಿದಳು. “ಇಲ್ಲಿ ಅಳಿಸಿದ್ರೆ ಅಲ್ಲೂ ಹೋಗ್ತಿತ್ತು ಸಾರ್. ಪೆಟ್ಟಿಗೆ ಒಂದೇ, ಬಾಗಿಲು ಎರಡು.”

ಹಾಗಾದರೆ ಒಂದು ಬಾಗಿಲಲ್ಲಿ ಕಂಡದ್ದು ಇನ್ನೊಂದರಲ್ಲಿ ಏಕಿಲ್ಲ? ಇನ್‌ಸ್ಪೆಕ್ಟರಿಗೆ ತಲೆಕೆಟ್ಟಿತು. ಅರೆಸ್ಟ್ ಮಾಡಿ ಕೈತೊಳೆದುಕೊಳ್ಳೋಣ ಎಂದು ಒಂದು ಗಳಿಗೆ ಅನ್ನಿಸಿದ್ದೂ ಉಂಟು. ಅಷ್ಟರಲ್ಲಿ ಕಂಪ್ಯೂಟರಮ್ಮ ಲ್ಯಾಪ್‌ಟಾಪಿನಲ್ಲಿ ಲೇಬಲ್‌ಗಳ ಸೆಟ್ಟಿಂಗ್ ತೆರೆದಳು. ಕಂಪ್ಯೂಟರಿನ ಮೇಲ್ ಪ್ರೋಗ್ರಾಮಿನಲ್ಲೂ ತೋರಿಸಬೇಕೇ ಎಂದು ಕೇಳುವ ಕಡೆ ಉಳಿದ ಲೇಬಲ್‌ಗಳಿಗೆಲ್ಲ ಟಿಕ್ ಇತ್ತು. ‘ಹಳೇ ಬಿಲ್’ಗೆ ಮಾತ್ರ ಯಾರೋ ತೆಗೆದಿದ್ದರು.

“ಈ ಟಿಕ್ ಇರೋದು ವೆಬ್‌ಮೇಲ್‌ನಲ್ಲಿ ಮಾತ್ರ ಸಾರ್. ಆಕೆಯ ಮೆಷಿನ್‌ನಿಂದ ಮುಟ್ಟೋಕೇ ಆಗಲ್ಲ. ಆ ಪ್ರೋಗ್ರಾಮಿಗೆ ಹಾಕಿಕೊಟ್ಟಿರೋ ಪಾಸ್‌ವರ್ಡೇ ಬೇರೆ, ಅದರಲ್ಲಿ ವೆಬ್‌ಮೇಲ್ ತೆರೆಯಲ್ಲ.”

ಇನ್‌ಸ್ಪೆಕ್ಟರ್ ಮಾಲೀಕನನ್ನು ಕೇಳಿದರು. “ವೆಬ್‌ಮೇಲ್ ಪಾಸ್‌ವರ್ಡ್ ಯಾರ ಹತ್ರ ಇದೆ?”

“ಅದನ್ನ ಹೆಂಡತಿಗೂ ಕೊಟ್ಟಿಲ್ಲ ಸಾರ್ ನಾನು,” ಎಂದ ಮಾಲೀಕ. ಆಡಿದ ಮೇಲೆ ತಾನು ಅಂದದ್ದು ಅವನಿಗೇ ಕೇಳಿಸಿತು.

ಕ್ಲರ್ಕ್ ಕುರ್ಚಿಯಲ್ಲಿ ಕುಸಿದು ಅತ್ತಳು. ಅವಳ ಮೇಲೆ ರೇಗಿದ್ದಕ್ಕೆ ಇನ್‌ಸ್ಪೆಕ್ಟರಿಗೆ ನಿಜಕ್ಕೂ ನಾಚಿಕೆಯಾಯಿತು.

ಮಧ್ಯಾಹ್ನ ಠಾಣೆಯಲ್ಲಿ ಮಾಲೀಕ ಎಲ್ಲ ಒಪ್ಪಿಕೊಂಡ. ಆ ಮೇಲ್ ಬಂದದ್ದು ರಜಾದಿನ. ಮೊದಲು ನೋಡಿದವನು ಅವನೇ.

“ಪೂರ್ತಿ ಅಳಿಸಿಬಿಡಬಹುದಿತ್ತಲ್ಲ?”

“ಮನಸ್ಸಾಗ್ಲಿಲ್ಲ ಸಾರ್. ಒಂದಿನ ಅಣ್ಣನಿಗೆ ತೋರಿಸ್ಬೇಕು ಅಂತಲೇ ಇಟ್ಕೊಂಡಿದ್ದೆ. ಅಪ್ಪ ಅಮ್ಮ ಹೋದ್ಮೇಲೆ ಅವನು ಓದು ಬಿಟ್ಟು ಸ್ಟೀರಿಂಗ್ ಹಿಡಿದು ನನ್ನನ್ನ ಸಾಕಿದ. ಮೊದಲನೇ ವ್ಯಾನ್ ಕೊಂಡಾಗ ನನ್ನ ಹೆಸರಿಗೇ ಮಾಡಿಸ್ದ. ಅವನ ಹತ್ರ ಹೋಗಿ, ಇನ್ನು ಕೆಳಗಿಳಿ ಅಂತ ಯಾವ ಬಾಯಲ್ಲಿ ಹೇಳ್ಲಿ? ನಾಳೆ ಹೇಳೋಣ, ನಾಳೆ ಹೇಳೋಣ ಅಂತ...”

“ಕಣ್ಣಿನ ರಿಪೋರ್ಟ್ ಏನಾಯ್ತು ಅಂತ ಅವನು ಕೇಳಲಿಲ್ವಾ?”

“ಕೇಳ್ದ. ಎಲ್ಲ ಸರಿಯಿದೆ ಅಂದೆ.”

ಸಂಜೆ ಐದು ಗಂಟೆಗೆ ದಸ್ತಗಿರಿ ಬರೆದಾಯಿತು. ಸುದ್ದಿ ತಿಳಿದು ಬಂದ ಅಣ್ಣನನ್ನು ಎದುರಿಗೆ ಕೂರಿಸಿ ಇನ್‌ಸ್ಪೆಕ್ಟರ್ ಆ ಮೇಲನ್ನು ಓದಿ ಹೇಳಿದರು. ಕೇಳಿ ಮುಗಿದ ಮೇಲೆ ಅಣ್ಣ ತಮ್ಮನನ್ನು ಹುಡುಕಿದ. ತಮ್ಮ ಅವನ ಪಕ್ಕದಲ್ಲೇ ನಿಂತಿದ್ದ; ಮುಖ ಪೂರ್ತಿ ತಿರುಗಿಸಿದ ಮೇಲೆಯೇ ಕಂಡದ್ದು.

“ಒಂದ್ ಮಾತು ಹೇಳಿದ್ರೆ ಅವತ್ತೇ ಇಳೀತಿದ್ನಲ್ಲೋ,” ಎಂದ.