ಬಲಗಡೆ ಗುರುತಿಲ್ಲದ ಸೂಟು

ಸೂಟು ಹರಿದಿರುವುದು ಮೊದಲು ಕಂಡದ್ದು ಅದನ್ನು ತೊಡಬೇಕಾದವಳಿಗೇ, ಇಬ್ಬರು ಅಕ್ಕತಂಗಿಯರಲ್ಲಿ ಚಿಕ್ಕವಳಿಗೆ. ಚೀಲದಿಂದ ತೆಗೆದು ಬೆಂಚಿನ ಮೇಲೆ ಹರಡಿದ ತಂಗಿ ನೆಲದ ಮೇಲೆ ಕುಸಿದು ಕೂತಳು. ಎಡ ಸೊಂಟದ ಹತ್ತಿರ ಸಣ್ಣದಾಗಿ ಶುರುವಾದ ಸೀಳು ಪಕ್ಕದ ಹೊಲಿಗೆಯವರೆಗೂ ಓಡಿತ್ತು.

ಈಜಿನ ಫೈನಲ್ ಅದೇ ಸಂಜೆ.

ಗೊತ್ತಿಲ್ಲದವರಿಗೆ ಇದು ಒಂದು ಬಟ್ಟೆ ಹರಿದ ಸುದ್ದಿ, ಅಷ್ಟೆ. ಆದರೆ ರೇಸಿಂಗ್ ಸೂಟು ಎಂದರೆ ಭುಜದಿಂದ ಮೊಣಕಾಲಿನವರೆಗೆ ಮೈಯನ್ನು ಬಿಗಿದು ಹಿಡಿಯುವ, ಕಾಗದದಷ್ಟು ತೆಳುವಾದ ವಸ್ತು. ತೊಡಲು ಅರ್ಧ ಗಂಟೆ ಬೇಕು, ಜೊತೆಗೆ ಇನ್ನೊಬ್ಬರ ಕೈ ಬೇಕು. ಪಾದಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಒಳಗೆ ಜಾರಿಸಬೇಕು. ಆಮೇಲೆ ಬೆರಳ ತುದಿಯ ಮೆತ್ತೆಯಿಂದ ಇಂಚಿಂಚಾಗಿ ಮೇಲಕ್ಕೆ ಸರಿಸಬೇಕು. ಉಗುರು ತಾಗಿತೋ, ಕೆಲಸ ಕೆಟ್ಟಿತು. ತಂಗಿಯ ಹತ್ತಿರ ಇದ್ದದ್ದು ಇದೊಂದೇ. ಹಳೆಯದೊಂದಿತ್ತು, ನಿಜ. ಅದು ಸಡಿಲಗೊಂಡು, ಒಳಗೆ ನೀರು ತುಂಬಿಕೊಂಡು, ಈಜುವವಳನ್ನು ಹಿಂದಕ್ಕೆ ಎಳೆಯುತ್ತಿತ್ತು.

ಈ ಫೈನಲ್‌ನಿಂದ ತಂಡಕ್ಕೆ ಆರಿಸುವುದು ಮೊದಲ ಇಬ್ಬರನ್ನು. ಮುಂದಿನ ವರ್ಷ ತಂಗಿಯ ವಯಸ್ಸು ಮೀರುತ್ತದೆ. ಈ ಸಂಜೆ ಬಿಟ್ಟರೆ ಅವಳಿಗೆ ಇನ್ನೊಂದು ಸಂಜೆ ಇರಲಿಲ್ಲ.

ಮಾವ ಗ್ಯಾಲರಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಪೊಲೀಸ್ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗಿದ್ದದ್ದು ಇದೊಂದೇ ಹುಚ್ಚು—ಸೊಸೆಯ ಈಜು. ತಮ್ಮ ಅಕ್ಕ ತೀರಿಕೊಂಡ ಮೇಲೆ ಅವಳ ಇಬ್ಬರು ಹೆಣ್ಣುಮಕ್ಕಳನ್ನೂ, ದೊಡ್ಡವಳನ್ನೂ ಈ ತಂಗಿಯನ್ನೂ, ಸಾಕಿದ್ದು ಅವರೇ. ಕೋಚ್ ಓಡಿಬಂದು ವಿಷಯ ಹೇಳಿದಾಗ ಕಾಫಿ ಲೋಟ ಅಲ್ಲೇ ಉಳಿಯಿತು.

"ಇದು ಬಾಣನ ಕೆಲಸ ಸಾರ್," ಎಂದ ಕೋಚ್. "ಬೆಳಿಗ್ಗೆ ಇವಳ ಚೀಲದ ಹತ್ತಿರ ನಿಂತಿದ್ಲು. ನಾನೇ ನೋಡ್ದೆ."

ನೆಟ್ಟಗೆ ನುಗ್ಗುವ ಈಜಿಗಾಗಿ ಎಲ್ಲರೂ ಬಾಣ ಎಂದೇ ಕರೆಯುತ್ತಿದ್ದ ಆ ಹುಡುಗಿ ತಂಗಿಗೆ ದೊಡ್ಡ ಎದುರಾಳಿ. ರೆಫರಿಯಮ್ಮ ಆಗಲೇ ಅವಳನ್ನು ತಮ್ಮ ಕೋಣೆಯಲ್ಲಿ ಕೂರಿಸಿದ್ದರು. ಆರೋಪ ನಿಂತರೆ ಅವಳು ಫೈನಲ್‌ಗೆ ಇಳಿಯುವಂತಿರಲಿಲ್ಲ.

"ಸಾರ್, ನೀವು ಪೊಲೀಸಿನವರು. ಸಂಜೆಯೊಳಗೆ ಸತ್ಯ ಗೊತ್ತಾದ್ರೆ ಸರಿ," ಎಂದರು ರೆಫರಿ. "ಇಲ್ದಿದ್ರೆ ಕೋಚ್ ಕಂಡದ್ದನ್ನೇ ನಾನು ನಂಬಬೇಕಾಗುತ್ತೆ."

ಬಾಣ ತುಟಿ ಕಚ್ಚಿಕೊಂಡು ಕೂತಿದ್ದಳು. ಉದ್ದನೆಯ ಉಗುರು, ಅದಕ್ಕೆ ನೀಲಿ ಬಣ್ಣ. ಅದನ್ನು ನೋಡಿಯೇ ಅರ್ಧ ಜನ ತೀರ್ಪು ಕೊಟ್ಟಾಗಿತ್ತು.

"ಚೀಲದ ಹತ್ತಿರ ಯಾಕೆ ಹೋದೆ?" ಎಂದು ಮಾವ ಕೇಳಿದರು.

"ನನ್ನ ಚೀಲ ಪಕ್ಕದಲ್ಲೇ ಇತ್ತು ಅಂಕಲ್."

"ಇಷ್ಟುದ್ದ ಉಗುರು ಇಟ್ಕೊಂಡು ನಿನ್ನ ಸೂಟು ಹೇಗೆ ಹಾಕ್ಕೋತೀಯ?"

"ಕೈಗವಸು ಹಾಕ್ಕೋತೀನಿ. ಬಟ್ಟೆದು. ನಂಬದಿದ್ರೆ ಬಿಡಿ. ಹೇಗೂ ಯಾರೂ ನಂಬ್ತಿಲ್ಲ."

ಮಾವ ಸೂಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸೀಳು ಶುರುವಾದ ಕಡೆ ಹೊರಮೈಯಲ್ಲಿ ಸಾಲಾಗಿ ನಾಲ್ಕು ಉಗುರಿನ ಗುರುತು. ತಿರುಗಿಸಿದರು. ಒಳಮೈಯಲ್ಲಿ ಒಂದು. ಬಲ ಸೊಂಟವನ್ನು ನೋಡಿದರು—ಒಳಗೂ ಹೊರಗೂ ಒಂದು ಗೀರಿಲ್ಲ. ಇಷ್ಟು ವರ್ಷ ಕಳ್ಳರ ಹಿಂದೆ ಅಲೆದವರಿಗೆ ಕೆಲವು ಸಲ ಉತ್ತರ ಪ್ರಶ್ನೆಗಿಂತ ಮುಂಚೆಯೇ ಬಂದು ಎದುರು ಕೂರುತ್ತದೆ. ಈ ಉತ್ತರ ಸುಳ್ಳಾಗಲಿ ಎಂದು ಅವರು ಮನಸಾರೆ ಬಯಸಿದರು.

ತಂಗಿ ಬಟ್ಟೆ ಬದಲಿಸುವ ಕೋಣೆಯ ಹೊರಗೆ ಗೋಡೆಗೊರಗಿ ಕೂತಿದ್ದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು.

"ನಿನ್ನೆ ಹೀಟ್ಸ್ ಸುತ್ತು ಮುಗಿದ್ಮೇಲೆ ಸೂಟು ಚೆನ್ನಾಗಿತ್ತೇನಮ್ಮ?"

"ಚೆನ್ನಾಗೇ ಇತ್ತು. ಕೋಚೂ ನೋಡಿದ್ರು. ಮನೆಗೆ ಹೋಗಿ ನಾನು ಮಲಗ್ದೆ. ಅಕ್ಕ ತಣ್ಣೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಿದ್ಲು. ಚೀಲಕ್ಕೆ ಹಾಕಿದ್ದೂ ಅವಳೇ."

"ಸೂಟು ತೊಡಿಸೋವಾಗ ಅಕ್ಕ ಉಗುರು ಯಾವಾಗ ಕತ್ತರಿಸ್ಕೋತಾಳೆ?"

"ಇಲ್ಲೇ. ತೊಡಿಸೋಕೆ ಮುಂಚೆ. ಪ್ರತಿ ಸಲ ನನ್ನ ಮುಂದೇನೇ ಕತ್ತರಿಸಿ, ಉಜ್ಜಿ, ನನ್ನ ಕೆನ್ನೆಗೆ ಸವರಿ ತೋರಿಸ್ತಾಳೆ. ನಿನ್ನೆ ಬೆಳಿಗ್ಗೆ ಮಾತ್ರ ಕೆಲಸ ಇತ್ತು ಅಂತ ಬರ್ಲಿಲ್ಲ, ಗೆಳತಿ ತೊಡಿಸಿದ್ಲು."

"ಇವತ್ತು?"

ತಂಗಿ ಕಣ್ಣೊರೆಸಿಕೊಂಡು ಯೋಚಿಸಿದಳು. "ಇವತ್ತು ಬರೋವಾಗ್ಲೇ ಕತ್ತರಿಸಿಕೊಂಡು ಬಂದಿದ್ಲು. ಯಾಕೆ ಮಾವ?"

"ಸುಮ್ನೆ ಕೇಳ್ದೆ."

ಅವರು ಈಜುಕೊಳದ ಸುತ್ತ ಒಂದು ಸುತ್ತು ಹಾಕಿದರು. ಲೆಕ್ಕ ಅವರಿಗೆ ಗೊತ್ತಿತ್ತು. ಹೀಟ್ಸ್‌ನಲ್ಲಿ ಹೊಸ ಸೂಟು ತೊಟ್ಟೂ ತಂಗಿ ಎರಡನೆಯವಳಾಗಿದ್ದು ಕೂದಲೆಳೆಯಲ್ಲಿ. ಹಳೆಯದರಲ್ಲಿ ಮೂರನೆಯ ಸ್ಥಾನಕ್ಕೇ ಏದುಸಿರು. ಆದರೆ ಬಾಣ ನೀರಿಗಿಳಿಯದಿದ್ದರೆ? ಮೂರು ಎರಡಾಗುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು—ಸೊಸೆ ತಂಡಕ್ಕೆ ಹೋಗುತ್ತಾಳೆ, ಮನೆಯೂ ಉಳಿಯುತ್ತದೆ. ಬೇರೆಯವರ ಮನೆ ಹುಡುಗಿ ಕಳಂಕ ಹೊತ್ತುಕೊಂಡು ಹೋಗುತ್ತಾಳೆ. ಎರಡನೆಯ ಸುತ್ತು ಹಾಕಲು ಅವರಿಗೆ ಧೈರ್ಯ ಸಾಲಲಿಲ್ಲ. ಅಷ್ಟರೊಳಗೆ ಎಲ್ಲಿ ಮನಸ್ಸು ಬದಲಾಗುತ್ತದೋ ಎಂಬ ಭಯ.

ಎಲ್ಲರೂ ರೆಫರಿಯ ಕೋಣೆಯಲ್ಲಿ ಸೇರಿದರು. ದೊಡ್ಡವಳು ಬಾಗಿಲ ಪಕ್ಕ ನಿಂತಿದ್ದಳು. ಒಂದು ಕಾಲದಲ್ಲಿ ಅವಳೂ ಇದೇ ಕೊಳದಲ್ಲಿ ಈಜಿದವಳು. ಬಲ ಭುಜ ಕೈಕೊಟ್ಟು ನಿಲ್ಲಿಸಿದವಳು. ಅವಳ ಕಾಲಕ್ಕೆ ಇಂಥ ಸೂಟು ಮನೆಗೆ ಬಂದಿರಲಿಲ್ಲ. ಈಗ ತಂಗಿಗೆ ಕೊಡಿಸಿದ್ದು ಅವಳೇ, ತನ್ನ ಸಂಬಳದಲ್ಲಿ.

"ಎಲ್ಲರೂ ಸೀಳನ್ನೇ ನೋಡಿದ್ರಿ," ಎಂದರು ಮಾವ. "ಹಾಳು ಮಾಡಬೇಕು ಅನ್ನೋರು ಚೀಲದಲ್ಲಿರೋ ಸೂಟನ್ನ ಹೊರಗಿನಿಂದ ಪರಚ್ತಾರೆ. ಇಲ್ಲಿ ನಾಲ್ಕು ಬೆರಳು ಹೊರಗೆ, ಹೆಬ್ಬೆರಳು ಒಳಗೆ. ಸೊಂಟದ ಹತ್ರ ಹಿಡಿದು ಮೇಲಕ್ಕೆ ಎಳೆದಿದ್ದಾರೆ. ಅಂದ್ರೆ?"

"ಯಾರೋ ತೊಟ್ಕೊಂಡಿದ್ದಾರೆ," ಎಂದರು ರೆಫರಿ ಮೆಲ್ಲಗೆ.

"ತೊಡೋಕೆ ನೋಡಿದ್ದಾರೆ. ಒಬ್ಬರೇ, ಸಹಾಯಕ್ಕೆ ಯಾರೂ ಇಲ್ಲದೆ."

ಕೋಚ್ ಬಿಡಲಿಲ್ಲ. "ಅದನ್ನೂ ಬಾಣನೇ ಯಾಕೆ ಮಾಡಿರಬಾರ್ದು?"

"ಬಲಗಡೆ ನೋಡಿ. ಒಂದು ಗುರುತಿದ್ಯಾ? ಎರಡು ಕೈ ಗಟ್ಟಿಯಿರೋರು ಎರಡೂ ಕಡೆ ಎಳೀತಾರೆ. ಇದನ್ನ ಎಳೆದವರಿಗೆ ಇದ್ದದ್ದು ಎಡಗೈ ಒಂದೇ. ಅದಕ್ಕೇ ಅಷ್ಟು ಜೋರು ಬಿದ್ದು ಹರೀತು."

ಕೋಣೆಯಲ್ಲಿ ಯಾರೂ ದೊಡ್ಡವಳ ಕಡೆ ತಿರುಗಲಿಲ್ಲ. ತಿರುಗುವ ಅಗತ್ಯವೂ ಇರಲಿಲ್ಲ. ಎಡಗೈಯಿಂದ ಬಲಗೈಯನ್ನು ಅಪ್ಪಿ ಹಿಡಿದುಕೊಂಡು ಅವಳು ನಿಂತೇ ಇದ್ದಳು.

"ಹರಿದದ್ದು ನೀನು," ಎಂದರು ಮಾವ. "ಉದ್ದ ಉಗುರು ಯಾರಿಗೂ ಕಾಣಬಾರ್ದು ಅಂತ ಮನೇಲೇ ಕತ್ತರಿಸಿಕೊಂಡೆ. ಹೌದಾ?"

"ಹೌದು ಮಾವ."

"ಯಾಕೆ ಮಗಳೇ?"

"ಒಂದ್ಸಲ ತೊಟ್ಟು ನೋಡೋಣ ಅನ್ನಿಸ್ತು." ಅವಳ ದನಿಯಲ್ಲಿ ಅಳುವಿರಲಿಲ್ಲ, ಅದೇ ಕೇಳಲು ಕಷ್ಟವಾಗಿತ್ತು. "ಇವಳು ಮಲಗಿದ್ಲು. ನೆರಳಲ್ಲಿ ನೇತಾಡ್ತಿತ್ತು. ಕನ್ನಡಿ ಮುಂದೆ ಒಂದು ನಿಮಿಷ ನಿಂತು ತೆಗೆದಿಡೋಣ ಅಂದ್ಕೊಂಡೆ. ಸೊಂಟ ದಾಟಲೇ ಇಲ್ಲ. ಎಳೆದೆ. ಸದ್ದು ಕೇಳಿಸ್ತು."

"ಆಗಲೇ ಯಾಕೆ ಹೇಳ್ಲಿಲ್ಲ?"

"ಹೇಳ್ಬೇಕು ಅಂತ ಮೂರು ಸಲ ಕೋಣೆಗೆ ಹೋದೆ. ನಿದ್ದೇಲಿ ನಗ್ತಿದ್ಲು."

"ಈ ಹುಡುಗಿ ಮೇಲೆ ತಪ್ಪು ಹೊರಿಸಿದಾಗಲಾದ್ರೂ?"

ಬಟ್ಟೆ ಹರಿದದ್ದನ್ನು ಯಾರಾದರೂ ಕ್ಷಮಿಸಬಹುದಿತ್ತು. ಈ ಮೌನವನ್ನು ಕ್ಷಮಿಸುವುದು ಮಾವನಿಗೂ ಆಗಲಿಲ್ಲ.

ರೆಫರಿ ಬಾಣಳಿಗೆ ಹೋಗಲು ಹೇಳಿದರು. ಅವಳು ಯಾರ ಮುಖವನ್ನೂ ನೋಡದೆ ಹೊರಗೆ ಹೋದಳು. ಕೋಚ್ ಕ್ಷಮೆ ಕೇಳಲು ಅವಳ ಹಿಂದೆ ಓಡಿದ. ತಂಗಿ ಎದ್ದು, ಹಳೆಯ ಸೂಟನ್ನು ಹುಡುಕಿ ತೆಗೆದುಕೊಂಡಳು. ತೊಡಿಸಲು ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು.

"ಬೇಡ," ಎಂದಳು ತಂಗಿ. "ಇದು ಸಡಿಲ ಇದೆ. ನಾನೇ ಹಾಕ್ಕೋತೀನಿ."

ಸಂಜೆಯ ಫೈನಲ್ ಎಲ್ಲರೂ ಅಂದುಕೊಂಡ ಹಾಗೇ ಮುಗಿಯಿತು. ಬಾಣ ಮೊದಲು ಮುಟ್ಟಿದಳು, ಬೇರೊಬ್ಬಳು ಆಮೇಲೆ, ತಂಗಿ ಮೂರನೆಯವಳಾಗಿ. ಫಲಕದಲ್ಲಿ ಅಂಕಿ ಬಂದಮೇಲೂ ಅವಳು ಬಹಳ ಹೊತ್ತು ನೀರಿನಿಂದ ಮೇಲೆ ಬರಲಿಲ್ಲ. ಕೊಳದ ಅಂಚಿನ ಮೇಲೆ ಗಲ್ಲವಿಟ್ಟು ಹಾಗೇ ಇದ್ದಳು. ಕೊನೆಗೆ ಬಂದಾಗ ಟವೆಲ್ ಹಿಡಿದು ನಿಂತಿದ್ದವರು ಮಾವ.

"ಮಾವ, ನೀವು ಸುಮ್ನೆ ಇದ್ದಿದ್ರೆ ನಾನು ಎರಡನೆಯವಳಾಗ್ತಿದ್ದೆ. ಅಲ್ವಾ?"

"ಹೌದಮ್ಮ."

"ಗೊತ್ತಿದ್ದೇ ಹೇಳಿದ್ರಾ?"

"ಗೊತ್ತಿದ್ದೇ ಹೇಳ್ದೆ."

ಅವಳು ತಲೆಯಾಡಿಸಿದಳು. ಬೈದಿದ್ದರೂ ಅವರಿಗೆ ಹಗುರವಾಗುತ್ತಿತ್ತು.

"ನೀವು ಮಾಡಿದ್ದು ಸರಿ," ಎಂದಳು. "ಆದ್ರೆ ಇವತ್ತು ನಿಮ್ಮ ಜೊತೆ ಬರೋಕೆ ನನಗಾಗಲ್ಲ. ಬಸ್ಸಲ್ಲಿ ಬರ್ತೀನಿ."

ಅವಳು ಒದ್ದೆ ಕೂದಲಿನಲ್ಲೇ ಗೇಟು ದಾಟಿ ಹೋದಳು. ಹೊರಗೆ ಕಾರಿನ ಹಿಂದಿನ ಸೀಟಿನಲ್ಲಿ ದೊಡ್ಡವಳು ತಲೆ ತಗ್ಗಿಸಿ ಕಾಯುತ್ತಿದ್ದಳು. ಮಾವ ಕೀಲಿ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ನಿಂತರು. ಇನ್ನು ಸ್ವಲ್ಪ ಹೊತ್ತಿಗೆ ಮೂವರೂ ಅದೇ ಮನೆಯ ಬಾಗಿಲು ತೆಗೆಯಬೇಕಿತ್ತು.