ಏಳನೇ ನಂಬರಿನ ಬಾಟಲಿ

ಬೆಳಿಗ್ಗೆ 9.20ಕ್ಕೆ ದೂರು ಬಂದಿತು. ತಂದವರು ರಾಷ್ಟ್ರೀಯ ಪರಿಸರ ಸಂರಕ್ಷಣಾ ಸಂಸ್ಥೆಯ ಅಧ್ಯಕ್ಷೆ, ಖುದ್ದಾಗಿ. ಅಷ್ಟು ದೊಡ್ಡವರು ಠಾಣೆಯ ಅಲುಗಾಡುವ ಬೆಂಚಿನ ಮೇಲೆ ಕೂತದ್ದು ಕಂಡು ಇನ್‌ಸ್ಪೆಕ್ಟರ್ ಕುಡಿಯುತ್ತಿದ್ದ ಟೀ ಬದಿಗಿಟ್ಟು ಎದ್ದು ನಿಂತ.

ಬಣ್ಣದ ಕಾರ್ಖಾನೆಯೊಂದು ಹೊಳೆಗೆ ಬಿಟ್ಟಿದ್ದ ಕೊಳವೆಯಿಂದ ತಂದಿದ್ದ ನೀರಿನ ಮಾದರಿಯನ್ನು ಸಂಸ್ಥೆಯ ಶೀತಲ ಕೋಣೆಯಲ್ಲಿ ಯಾರೋ ಬದಲಾಯಿಸಿದ್ದರು. ಕಾರ್ಖಾನೆ ಮುಚ್ಚಿಸಲು ಸಂಸ್ಥೆ ಹೊರಡಿಸಿದ್ದ ಆದೇಶದ ವಿಚಾರಣೆ ಅಂದೇ ಮಧ್ಯಾಹ್ನ ಮೂರಕ್ಕೆ ನ್ಯಾಯಾಲಯದಲ್ಲಿ. ಮಾದರಿ ಇಲ್ಲದಿದ್ದರೆ ಆದೇಶ ಬಿದ್ದುಹೋಗುತ್ತದೆ, ಹೊಳೆಯ ಕೆಳಗಿನ ಊರು ಆ ವಿಷವನ್ನೇ ಕುಡಿಯುತ್ತಿರಬೇಕು. ಬೀಗದ ಕೈ ಪ್ರಯೋಗಾಲಯದ ಸಹಾಯಕನ ಹತ್ತಿರ ಇರುತ್ತದೆಂದೂ ಅಧ್ಯಕ್ಷೆ ಸೇರಿಸಿದರು. ಎಫ್‌ಐಆರ್ ದಾಖಲಾಯಿತು.

10.15ಕ್ಕೆ ಶೀತಲ ಕೋಣೆಯಲ್ಲಿ ಪಂಚನಾಮೆ. ಸಮಯ ಬರೆದುಕೊಂಡವನು, ಠಾಣೆಯವರೆಲ್ಲ ಗಡಿಯಾರ ಎಂದು ಕರೆಯುವ ಪೇದೆ. ಆ ಮಾದರಿಯಿದ್ದ ಏಳನೇ ನಂಬರಿನ ಬಾಟಲಿಯ ಅರಗು ಬೇರೆ ಬಣ್ಣದ್ದಿದೆ ಎಂದು ಬೆಳಿಗ್ಗೆ ಮೊದಲು ಬೊಬ್ಬೆ ಹಾಕಿದವನೇ ಸಹಾಯಕ. ಈಗ ಎಲ್ಲರ ಕಣ್ಣೂ ಅವನ ಮೇಲೆಯೇ. ಮೂರು ಗಂಟೆಯ ವಿಚಾರಣೆಗೆ ಮುಂಚೆ ಅವನನ್ನು ಒಳಗೆ ಹಾಕಿ ಎಂದು ಮೇಲಿನಿಂದ ಎರಡು ಸಲ ಫೋನು ಬಂದಿತ್ತು. ಕೈಗೆ ಸಿಕ್ಕವನನ್ನು ಹಿಡಿದು ಕೈ ತೊಳೆದುಕೊಳ್ಳುವುದೆಂದರೆ ಇನ್‌ಸ್ಪೆಕ್ಟರ್‌ಗೆ ಮೈ ಉರಿಯುತ್ತಿತ್ತು. ಬಾಟಲಿಯ ನೀರನ್ನು ತನ್ನ ಕಣ್ಣೆದುರೇ ಪರೀಕ್ಷಿಸಲು ಹೇಳಿದ.

"ಇದು ನಲ್ಲಿ ನೀರು ಸಾರ್," ಎಂದ ಸಹಾಯಕ. "ಆದ್ರೆ ಆಸಿಡ್ ಎರಡು ಪಟ್ಟು ಇದೆ."

"ಆಸಿಡ್ ಯಾಕೆ?"

"ಮಾದರಿ ಕೆಡಬಾರದು ಅಂತ. ಮೊದಲೆಲ್ಲ ನೀರು ತುಂಬಿದ ಮೇಲೆ ಕೈಯಾರೆ ಹಾಕ್ತಿದ್ರಂತೆ. ಈಗ ಆರು ವರ್ಷದಿಂದ ಖಾಲಿ ಬಾಟಲೀಲೇ ಹಾಕಿ ಬರುತ್ತೆ. ನಾನು ಸೇರಿದ್ದೇ ಆಮೇಲೆ."

ಅಂದರೆ ಕದ್ದವರ ಕೈ ಹಳೆಯದು. ಇನ್‌ಸ್ಪೆಕ್ಟರ್ ಸಿಬ್ಬಂದಿಯ ಕಡತಗಳನ್ನು ತರಿಸಿದ. ಆರು ವರ್ಷಕ್ಕೆ ಮುಂಚೆ ಮಾದರಿ ತುಂಬಿದವರಲ್ಲಿ ಈಗ ಆ ಕಟ್ಟಡದಲ್ಲಿ ಉಳಿದಿದ್ದವರು ಒಬ್ಬರೇ. ಆ ಹೆಸರನ್ನು ಎರಡು ಸಲ ಓದಿದ. ಶೀತಲ ಕೋಣೆಯ ಎರಡನೇ ಕೀಲಿಯೂ ಅವರ ಬೀರುವಿನಲ್ಲೇ ಇತ್ತು. ತಪ್ಪಿದರೆ ನೌಕರಿಗೇ ಸಂಚಕಾರ.

1.40ಕ್ಕೆ ಅಧ್ಯಕ್ಷೆಯನ್ನು ಪ್ರಯೋಗಾಲಯಕ್ಕೆ ಕರೆಸಿದ.

"ಮಾದರಿ ಹೇಗೆ ತುಂಬ್ತಾರೆ ಅಂತ ನಂಗೆ ತಲೆಗೆ ಹೋಗ್ತಿಲ್ಲ ಮೇಡಂ. ಒಂದ್ಸಲ ತೋರಿಸ್ತೀರಾ?"

ಹೊಸ ಬಾಟಲಿಯೊಂದನ್ನು ಅವರು ನಲ್ಲಿಗೆ ಹಿಡಿದರು. ತುಂಬಿದ ಮೇಲೆ, ನೋಡದೆಯೇ, ಕೈ ಕಪಾಟಿನ ಆಸಿಡ್ ಸೀಸೆಗೆ ಹೋಯಿತು. ಒಂದು ಹನಿ, ಎರಡು ಹನಿ.

"ಮೇಡಂ, ಈಗ ಬಾಟಲೀಲೇ ಇರುತ್ತೆ," ಎಂದ ಸಹಾಯಕ ಮೆಲ್ಲಗೆ.

ಮೂರನೇ ಹನಿ ಬೀಳಲಿಲ್ಲ. ಅಧ್ಯಕ್ಷೆ ಸ್ಟೂಲೆಳೆದು ಕೂತರು.

"ನಿಜವಾದ್ದು ಎಲ್ಲಿದೆ ಮೇಡಂ?"

"ನಮ್ಮನೆ ಫ್ರಿಜ್ಜಲ್ಲಿ. ಚೆಲ್ಲೋಕೆ ಕೈ ಬರ್ಲಿಲ್ಲ."

ಗಡಿಯಾರ 2.25ಕ್ಕೆ ಬಾಟಲಿ ತಂದ. ಅರಗು ಒಡೆದಿರಲಿಲ್ಲ. 2.40ಕ್ಕೆ ಬಂಧನವಾಯಿತು.

ಹೇಳಿಕೆಯಲ್ಲಿ ಅವರು ಏನನ್ನೂ ಮುಚ್ಚಿಡಲಿಲ್ಲ. ಹನ್ನೊಂದು ವರ್ಷದ ಹಿಂದೆ ಅವರು ಮುಚ್ಚಿಸಿದ ಕಾರ್ಖಾನೆಯಲ್ಲಿ ಅವರ ಸ್ವಂತ ಅಣ್ಣ ಕೆಲಸಕ್ಕಿದ್ದ. ಅಂದಿನಿಂದ ತಂಗಿಯ ಜೊತೆ ಮಾತು ಬಿಟ್ಟಿದ್ದ. ಹತ್ತು ದಿನದ ಹಿಂದೆ ತಾನಾಗಿ ಫೋನು ಮಾಡಿದ್ದ. ಈ ಕಾರ್ಖಾನೆಯಲ್ಲಿ ಈಗ ಅವನ ಮಗ ಇದ್ದಾನಂತೆ. ಇನ್ನೊಂದು ಸಲ ಬೇಡಮ್ಮ ಎಂದಷ್ಟೇ ಹೇಳಿದ್ದ. ಆ 'ಅಮ್ಮ' ಕೇಳಿ ಹನ್ನೊಂದು ವರ್ಷವಾಗಿತ್ತು ಎನ್ನುವಾಗ ಅವರ ದನಿ ಒಡೆಯಿತು. ಇನ್‌ಸ್ಪೆಕ್ಟರ್‌ಗೆ ಅಯ್ಯೋ ಅನ್ನಿಸಿತು, ಆದರೆ ಬರೆಯುವುದನ್ನು ನಿಲ್ಲಿಸಲಿಲ್ಲ.

ಸಹಿ ಹಾಕಿದ ಮೇಲೆ ಅವರು ಕೇಳಿದ್ದು ಒಂದೇ ಮಾತು. "ಬಾಟಲೀನ ಐಸಲ್ಲಿಟ್ಟು ಕಳಿಸಿದ್ರಾ?"

"ಕಳಿಸಿದ್ವಿ ಮೇಡಂ. 2.55ಕ್ಕೆ ತಲುಪಿದೆ," ಎಂದ ಗಡಿಯಾರ.

ಮೂರು ಗಂಟೆಗೆ ಆದೇಶವನ್ನು ಓದಲಾಯಿತು. ಕೆಳಗಿದ್ದ ಸಹಿ ಅವರದೇ.